ಆಲಿಸುವುದಕ್ಕೆ ತೆರುವ ಬೆಲೆ

2002ರ ಬೇಸಿಗೆಯಲ್ಲಿ ಅಮೆರಿಕದ ಮೇನ್ ರಾಜ್ಯದ ಕರಾವಳಿಗೆ ಸಮೀಪದ ಗ್ರೇಟ್ ಡಕ್ ದ್ವೀಪದಲ್ಲಿ, ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಪೆಟ್ರೆಲ್ ಹಕ್ಕಿಗಳ ಗೂಡುಗಳ ಒಳಗೂ ಸುತ್ತಲೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಇಂಟೆಲ್‌ನ ಸಂಶೋಧಕರು 32 ನಿಸ್ತಂತು ಸಂವೇದಕಗಳನ್ನು ಇರಿಸಿದರು. ಮನುಷ್ಯರ ಓಡಾಟದಿಂದ ಹಕ್ಕಿಗಳು ಗೂಡು ತೊರೆಯಬಾರದೆಂಬ ಎಚ್ಚರಿಕೆಯೇ ಈ ಏರ್ಪಾಡಿಗೆ ಕಾರಣವಾಗಿದ್ದುದರಿಂದ, ಬ್ಯಾಟರಿ ಬದಲಿಸಲು ಪದೇಪದೇ ಅಲ್ಲಿಗೆ ಹೋಗುವಂತಿರಲಿಲ್ಲ.

ನಿಸ್ತಂತು ಸಂಪರ್ಕವೆಂದೊಡನೆ ವೇಗವನ್ನೂ ವ್ಯಾಪ್ತಿಯನ್ನೂ ವಿಚಾರಿಸುವ ಅಭ್ಯಾಸವನ್ನು ಮೊಬೈಲ್ ಜಾಹೀರಾತುಗಳು ನಮಗೆ ಕಲಿಸಿಬಿಟ್ಟಿವೆ. ಐದಾರು ನಿಮಿಷಕ್ಕೊಮ್ಮೆ ಕೆಲವೇ ಬೈಟುಗಳಷ್ಟು ಮಾಹಿತಿ ಕಳಿಸುವ ಜಾಲದಲ್ಲಿ ಮುಖ್ಯವಾಗಿ ಅಳೆಯಬೇಕಾದದ್ದು ಸಂದೇಶಗಳಲ್ಲಿ ಎಷ್ಟು ಪಾಲು ತಲುಪಿತು, ಎಷ್ಟು ತಡವಾಯಿತು, ಬ್ಯಾಟರಿ ಎಷ್ಟು ತಿಂಗಳು ಬಾಳಿತು ಎಂಬುದನ್ನು. ಒಂದನ್ನು ಸುಧಾರಿಸಲು ಹೊರಟರೆ ಇನ್ನೊಂದು ಕುಸಿಯುತ್ತದೆ.

ಆಲಿಸುವುದಕ್ಕಿಂತ ಕಳಿಸುವುದಕ್ಕೇ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆಂಬ ಬಹುಜನರ ಊಹೆ ತಲೆಕೆಳಗಾಗಿದೆ. ಇಂತಹ ಜಾಲಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಿಸಿ2420 ಎಂಬ ರೇಡಿಯೋ ಚಿಪ್ ಪೂರ್ಣ ಬಲದಿಂದ ಸಂದೇಶ ಕಳಿಸುವಾಗ 17.4 ಮಿಲಿಆಂಪಿಯರ್ ವಿದ್ಯುತ್ ಬಳಸಿದರೆ, ಆಲಿಸುವಾಗ 18.8 ಮಿಲಿಆಂಪಿಯರ್ ಬಳಸುತ್ತದೆ. ಗಾಳಿಗೆ ಹೊರಡುವ ಶಕ್ತಿ ಒಂದು ಮಿಲಿವ್ಯಾಟ್ ಮಾತ್ರ. ಆದರೆ ಕ್ಷೀಣವಾದ ಸಂಕೇತವನ್ನು ಹಿಗ್ಗಿಸಿ ಬಿಡಿಸುವ ವಿದ್ಯುತ್ ಮಂಡಲಗಳು ಯಾರೂ ಏನನ್ನೂ ಕಳಿಸದಿದ್ದಾಗಲೂ ಎಚ್ಚರವಾಗಿರಬೇಕು. 2,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಹಾಕಿ ಸದಾ ಆಲಿಸುತ್ತಿದ್ದರೆ ಆರು ದಿನಕ್ಕೆ ಮೊದಲೇ ಅದು ಬರಿದಾಗುತ್ತದೆ. ಅದೇ ರೇಡಿಯೋವನ್ನು ಕಾಲದ ನೂರರಲ್ಲೊಂದು ಪಾಲಷ್ಟೇ ಎಚ್ಚರವಾಗಿಟ್ಟರೆ, ಉಳಿದ ಸಣ್ಣಪುಟ್ಟ ವೆಚ್ಚಗಳನ್ನು ಬಿಟ್ಟು ಲೆಕ್ಕ ಹಾಕಿದಾಗ, ಒಂದೂವರೆ ವರ್ಷ ಬಾಳುತ್ತದೆ.

ಮಲಗಿರುವ ರೇಡಿಯೋಗೆ ಸಂದೇಶ ತಲುಪಿಸುವುದು ಹೇಗೆ? 2004ರಲ್ಲಿ ಪ್ರಕಟವಾದ ಬಿ-ಮ್ಯಾಕ್ ವಿಧಾನದ ಉತ್ತರ ನನಗೆ ಇಂದಿಗೂ ಅತ್ಯಂತ ಸೊಗಸಾಗಿ ಕಾಣುತ್ತದೆ. ಪ್ರತಿ ಸಂವೇದಕವೂ ಗೊತ್ತಾದ ಅವಧಿಗೊಮ್ಮೆ ಕ್ಷಣಮಾತ್ರ ಎದ್ದು, ಗಾಳಿಯಲ್ಲಿ ಸಂಕೇತವಿದೆಯೇ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಕಳಿಸುವವನು ಆ ಅವಧಿಗಿಂತಲೂ ದೀರ್ಘವಾದ ಮುನ್ಸೂಚನೆಯನ್ನು ಮೊದಲು ಬಿತ್ತರಿಸುತ್ತಾನೆ. ಗಂಟೆಗೊಮ್ಮೆ ಕಣ್ತೆರೆಯುವ ಕಾವಲುಗಾರನ ಬಾಗಿಲನ್ನು ಗಂಟೆಗೂ ಹೆಚ್ಚು ಹೊತ್ತು ತಟ್ಟುತ್ತಿದ್ದರೆ ಅವನು ಎಚ್ಚೆತ್ತಾಗ ಅದು ಕೇಳಿಯೇ ಕೇಳುತ್ತದೆ. ಹೀಗೆ ಆಲಿಸುವವನ ಹೊರೆ ಕಳಿಸುವವನ ಹೆಗಲಿಗೇರುತ್ತದೆ. ನಿದ್ದೆಯ ಅವಧಿಯನ್ನು ಅತಿಯಾಗಿ ಹಿಗ್ಗಿಸಿದರೆ ಮುನ್ಸೂಚನೆಯೂ ಹಿಗ್ಗಿ, ಸಂದೇಶಕ್ಕೆ ಸಂಬಂಧವೇ ಇಲ್ಲದ ನೆರೆಯ ಸಂವೇದಕಗಳೂ ಎದ್ದು ಕೂರುತ್ತವೆ. ಆದ್ದರಿಂದ ಸರಿಯಾದ ಅವಧಿಯನ್ನು ಆ ಜಾಲದಲ್ಲಿ ಎಷ್ಟು ಸಂದೇಶಗಳು ಓಡಾಡುತ್ತವೆ, ನೆರೆಯವರು ಎಷ್ಟಿದ್ದಾರೆ ಎಂಬುದನ್ನು ಅಳೆದೇ ನಿರ್ಧರಿಸಬೇಕು.

ದಾರಿಯ ಆಯ್ಕೆಯಲ್ಲೂ ಇಂತಹದೇ ತಪ್ಪು ನಂಬಿಕೆಯಿದೆ. ದೂರದ ಸಂವೇದಕದ ಸಂದೇಶವು ಮಾಹಿತಿ ಸಂಗ್ರಹಿಸುವ ಮೂಲಕೇಂದ್ರವನ್ನು ನಡುವಿನ ಸಂವೇದಕಗಳ ಮೂಲಕ ತಲುಪುತ್ತದೆ; ಒಂದರಿಂದ ಇನ್ನೊಂದಕ್ಕೆ ಸಾಗುವ ಪ್ರತಿ ಹಂತವೂ ಒಂದು ನೆಗೆತ. ಕಡಿಮೆ ನೆಗೆತಗಳ ದಾರಿಯೇ ಒಳ್ಳೆಯದೆಂದು ತೋರುತ್ತದೆ. ಆದರೆ ಅರ್ಧದಷ್ಟು ಸಂದೇಶಗಳು ಕಳೆದುಹೋಗುವ ಎರಡು ದೀರ್ಘ ನೆಗೆತಗಳಿಗೆ ಸರಾಸರಿ 4 ಪ್ರಸಾರಗಳು ಬೇಕಾದರೆ, ನೂರಕ್ಕೆ 90 ತಲುಪುವ ಮೂರು ಕಿರುನೆಗೆತಗಳಿಗೆ 3.3 ಸಾಕು. ತಲುಪಿತೆಂಬ ಮರುಸೂಚನೆಯೂ ಕಳೆಯಬಹುದಾದ್ದರಿಂದ ಅಂತರ ಇನ್ನೂ ಹೆಚ್ಚು. ನೆಗೆತಗಳ ಬದಲು ನಿರೀಕ್ಷಿತ ಪ್ರಸಾರಗಳನ್ನೇ ಎಣಿಸುವ ಈ ಮಾನದಂಡವನ್ನು 2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮುಂದಿಟ್ಟರು.

ಇಷ್ಟಾದರೂ ಸರಾಸರಿ ಆಯುಷ್ಯವನ್ನು ನೋಡಿ ತೃಪ್ತಿಪಡುವಂತಿಲ್ಲ. ಮೂಲಕೇಂದ್ರಕ್ಕೆ ಹತ್ತಿರವಿರುವ ಸಂವೇದಕಗಳು ದೂರದವುಗಳ ಸಂದೇಶಗಳನ್ನೆಲ್ಲ ಹೊರಬೇಕಾದ್ದರಿಂದ ಸಾಮಾನ್ಯವಾಗಿ ಅವುಗಳ ಬ್ಯಾಟರಿಯೇ ಮೊದಲು ಮುಗಿಯುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಹಿಂದಿರುವವು ಸುಸ್ಥಿತಿಯಲ್ಲಿದ್ದರೂ ಅವುಗಳ ಮಾಹಿತಿ ಹೊರಬರುವುದಿಲ್ಲ. ಆದ್ದರಿಂದ ರೇಡಿಯೋ ಎಚ್ಚರವಾಗಿದ್ದ ಕಾಲವನ್ನು ಪ್ರತಿ ಸಂವೇದಕದಲ್ಲೂ ಪ್ರತ್ಯೇಕವಾಗಿ ದಾಖಲಿಸಿ, ಅತಿ ಹೆಚ್ಚು ದಣಿದ ಸಂವೇದಕದ ಅಂಕಿಯನ್ನೇ ಮೊದಲು ನೋಡಬೇಕು.