ಒಂದು ಅಕ್ಷರ, ಹಲವು ವಿಲ್ಹೆಲ್ಮರು: ಬ್ರೌನ್‌ಶ್ವೈಗ್ ಸೇಬರ್‌ನ ಹಿನ್ನೆಲೆ

ಜರ್ಮನಿಯ ಹಳೆಯ ಅಶ್ವದಳದ ಬಾಗುಗತ್ತಿ, ಅಂದರೆ ಸೇಬರ್, ಕೈಗೆ ಸಿಕ್ಕರೆ ಬಲ್ಲವರು ಮೊದಲು ಅಲಗಿನ ಬೆನ್ನನ್ನು ನೋಡುತ್ತಾರೆ. ಹಿಡಿಯ ಬಳಿ ಉಗುರಿಗಿಂತ ಚಿಕ್ಕದಾದ ಕಿರೀಟ, ಅದರಡಿ ದೊರೆಯ ಹೆಸರಿನ ಮೊದಲಕ್ಷರ, ಕೆಲವೊಮ್ಮೆ ಇಸವಿಯ ಕೊನೆಯ ಎರಡು ಅಂಕಿಗಳು ಅಲ್ಲಿರುತ್ತವೆ. ಸಣ್ಣ ಸಂಸ್ಥಾನವೊಂದರ ಕತ್ತಿಯನ್ನು ಪ್ರಷ್ಯದ ರಾಶಿ ಕತ್ತಿಗಳಿಂದ ಬೇರ್ಪಡಿಸುವುದಕ್ಕೆ ಬಹುಮಟ್ಟಿಗೆ ಇಷ್ಟೇ ಆಧಾರ.

ಆಕಾರದಿಂದ ಗುರುತು ಸಿಗದಿರುವುದಕ್ಕೆ ಚರಿತ್ರೆಯೇ ಕಾರಣ. ನೆಪೋಲಿಯನ್ನನಿಂದಾಗಿ ರಾಜ್ಯ ಕಳೆದುಕೊಂಡಿದ್ದ, ಉತ್ತರ ಜರ್ಮನಿಯ ಸಣ್ಣ ಸಂಸ್ಥಾನ ಬ್ರೌನ್‌ಶ್ವೈಗ್‌ನ ಡ್ಯೂಕ್ ಫ್ರೀಡ್ರಿಷ್ ವಿಲ್ಹೆಲ್ಮ್ 1809ರಲ್ಲಿ ಆಸ್ಟ್ರಿಯದೊಂದಿಗೆ ಒಪ್ಪಂದ ಮಾಡಿಕೊಂಡು ಬೊಹೀಮಿಯದಲ್ಲಿ ಕಪ್ಪು ಸಮವಸ್ತ್ರದ ಪಡೆ ಕಟ್ಟಿದನು. ಆಸ್ಟ್ರಿಯ ಸೋತ ಮೇಲೂ ಶರಣಾಗದೆ, ಉತ್ತರ ಜರ್ಮನಿಯನ್ನು ಹಾದು, ವೇಸರ್ ನದಿ ಸಮುದ್ರ ಸೇರುವ ಕಡೆಯಲ್ಲಿ ಬ್ರಿಟಿಷ್ ಹಡಗುಗಳನ್ನೇರಿದನು. ಪಡೆ ಬ್ರಿಟನ್ನಿನ ಸಂಬಳಕ್ಕೆ ಸೇರಿತು. ಬ್ರಿಟಿಷ್ ಲಘು ಅಶ್ವದಳದ ಅಂದಿನ ಆಯುಧ 1796ರ ಸೇಬರ್: ಸುಮಾರು 83 ಸೆಂಟಿಮೀಟರ್ ಉದ್ದದ, ತುದಿಯತ್ತ ಅಗಲವಾಗುವ ಅಲಗು, ಬೆರಳುಗಳನ್ನು ಕಾಯುವ, ರಿಕಾಪಿನಂಥ ಒಂಟಿ ಕಬ್ಬಿಣದ ಪಟ್ಟಿ. ಪ್ರಷ್ಯವೂ ಇದನ್ನೇ ತರಿಸಿಕೊಂಡು, ಮುಂದೆ ತನ್ನ ಸೇನಾಪತಿ ಬ್ಲೂಷರ್‌ನ ಹೆಸರಿನಿಂದ ಪ್ರಸಿದ್ಧವಾದ ತನ್ನದೇ ಪ್ರತಿಯನ್ನು ಮಾಡಿಸಿತು. ಡ್ಯೂಕ್ 1815ರ ಜೂನ್ 16ರಂದು ಕತ್ರ್ ಬ್ರಾ ಕಾಳಗದಲ್ಲಿ ಮಡಿದನು.

ಬ್ರೌನ್‌ಶ್ವೈಗ್‌ಗೆ ಇದ್ದದ್ದು ಒಂದೇ ಹುಸಾರ್ (ಲಘು ಅಶ್ವದಳ) ರೆಜಿಮೆಂಟು. 1866ರ ಯುದ್ಧದ ನಂತರ ಹನೋವರ್, ಹೆಸ್ಸೆ-ಕಾಸೆಲ್, ನಸ್ಸಾವ್‌ಗಳನ್ನು ಪ್ರಷ್ಯ ನುಂಗಿತು. ಬ್ರೌನ್‌ಶ್ವೈಗ್ ಉಳಿದರೂ ಅದರ ಹುಸಾರರಿಗೆ ಮರುವರ್ಷ ಪ್ರಷ್ಯದ ಹುಸಾರ್ ರೆಜಿಮೆಂಟುಗಳ ಸಾಲಿನಲ್ಲಿ 17ನೆಯ ಸಂಖ್ಯೆ ಬಿತ್ತು. 1886ರ ಸೈನಿಕ ಒಪ್ಪಂದ ಉಳಿದ ಸ್ವಾತಂತ್ರ್ಯವನ್ನೂ ಬಹುಪಾಲು ಮುಗಿಸಿತು. 1889ರಲ್ಲಿ ಪ್ರಷ್ಯ ನೇರ ಅಲಗಿನ ಹೊಸ ಕತ್ತಿಯನ್ನು ಒಪ್ಪಿಕೊಂಡಿತು. ಹಳೆಯವು ಕೈ ಬದಲಾದಾಗ ಮೊದಲಿನ ಠಸ್ಸೆಯನ್ನು ಹೊಡೆದುಹಾಕಿ ಹೊಸದನ್ನು ಒತ್ತುವುದೂ ಇತ್ತು.

ತೊಡಕಿರುವುದು 'ಡಬ್ಲ್ಯೂ' ಅಕ್ಷರದಲ್ಲಿ. ಬ್ರೌನ್‌ಶ್ವೈಗ್‌ನಲ್ಲಿ 1884ರವರೆಗೆ ಆಳಿದವನು ವಿಲ್ಹೆಲ್ಮ್. ವುರ್ಟೆಂಬರ್ಗ್‌ನಲ್ಲಿ 1816ರಿಂದ 1864ರವರೆಗೆ, ನಸ್ಸಾವ್‌ನಲ್ಲಿ 1839ರವರೆಗೆ, ಪ್ರಷ್ಯದಲ್ಲಿ 1861ರಿಂದ 1888ರವರೆಗೆ ಆಳಿದವರೂ ವಿಲ್ಹೆಲ್ಮರೇ. ಮಾರುವವರು ಸಹಜವಾಗಿಯೇ ಅತಿ ಚಿಕ್ಕ ಸಂಸ್ಥಾನದ ಹೆಸರು ಹೇಳುತ್ತಾರೆ. ಅಕ್ಷರದಡಿ 35 ಎಂದಿದ್ದರೆ ಪ್ರಷ್ಯವನ್ನು ಕೈಬಿಡಬಹುದು. 67 ಎಂದಿದ್ದರೆ ನಸ್ಸಾವ್, ವುರ್ಟೆಂಬರ್ಗ್‌ಗಳು ಬಿದ್ದುಹೋಗಿ ಬ್ರೌನ್‌ಶ್ವೈಗ್ ಮತ್ತು ಪ್ರಷ್ಯ ಎದುರುಬದುರಾಗುತ್ತವೆ. ಆಗ ತೀರ್ಮಾನ ಹಿಡಿಯ ಪಟ್ಟಿಯ ಮೇಲಿನ ರೆಜಿಮೆಂಟಿನ ಸಂಖ್ಯೆಯದು, ಅದನ್ನು ಯಾವನೋ ಹಳೆಯ ಮಾಲೀಕ ತುಕ್ಕಿನ ಜೊತೆಗೆ ಎಮರಿ ಕಾಗದದಿಂದ ಉಜ್ಜಿ ಅಳಿಸದೆ ಉಳಿಸಿದ್ದರೆ.