ಕಬ್ಬಿಣದ ಕೂಟಶಾಸನ

ಅಮೆರಿಕದ ಹಳೇ ಕಾರುಗಳ ಹುಚ್ಚಿನವರಲ್ಲಿ ಒಂದು ಕುಹಕದ ಮಾತಿದೆ. ಕಾರ್ಖಾನೆಯಿಂದ ಹೊರಬಂದದ್ದು ಐವತ್ತು, ಅದರಲ್ಲಿ ಈಗ ಉಳಿದಿರುವುದು ಬರೀ ಎಪ್ಪತ್ತು! ಆ ಹೆಚ್ಚುವರಿ ಇಪ್ಪತ್ತರಲ್ಲಿ ಒಂದಕ್ಕೆ ಜೀವಮಾನದ ಉಳಿತಾಯ ಸುರಿದವನಿಗೆ ಮಾತ್ರ ಇದನ್ನು ಕೇಳಿ ನಗು ಬರಲಾರದು.

1969ರ ಷೆವರ್ಲೆ ಕ್ಯಾಮರೊವನ್ನೇ ತೆಗೆದುಕೊಳ್ಳಿ. ಆ ಮಾದರಿ ವರ್ಷದಲ್ಲಿ 2,43,085 ಕ್ಯಾಮರೊಗಳು ತಯಾರಾದವು. ಅವುಗಳಲ್ಲಿ 69ಕ್ಕೆ ಮಾತ್ರ ಝಡ್‌ಎಲ್-1 ಎಂಬ ಎಂಜಿನ್ ಕೂರಿಸಿದ್ದರು. ಅಡಿಯಿಂದ ಮುಡಿಯವರೆಗೆ ಅಲ್ಯುಮಿನಿಯಂ, 427 ಘನ ಇಂಚು, ಅಂದರೆ ಏಳು ಲೀಟರ್. ಲೆಕ್ಕ ಹಾಕಿದರೆ ಸುಮಾರು 3,500 ಕ್ಯಾಮರೊಗಳಿಗೆ ಒಂದು. ಹೊರಗಿನಿಂದ ನೋಡಿದರೆ ಅದಕ್ಕೂ ಪಕ್ಕದ ಮನೆಯವರ ಕ್ಯಾಮರೊಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಇಂಥ ಕಾರು ಹುಟ್ಟಿದ್ದೇ ಕಳ್ಳದಾರಿಯಲ್ಲಿ. ಮಧ್ಯಮ ಮತ್ತು ಸಣ್ಣ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಕೂಡದೆಂದು ಜನರಲ್ ಮೋಟರ್ಸ್ ತನಗೆ ತಾನೇ ನಿಯಮ ಹಾಕಿಕೊಂಡಿತ್ತು. ಆದರೆ ಟ್ಯಾಕ್ಸಿ ಕಂಪನಿಗಳು, ಪೊಲೀಸ್ ಇಲಾಖೆಗಳು ಕೇಳುವ ವಿಶೇಷ ಬಣ್ಣ, ಗಟ್ಟಿ ಸೀಟುಗಳಿಗಾಗಿ ‘ಕೋಪೋ’ ಎಂಬ ಒಂದು ಪ್ರತ್ಯೇಕ ಆರ್ಡರ್ ಪದ್ಧತಿಯೂ ಇತ್ತು. ಷೆವರ್ಲೆಯೊಳಗಿದ್ದ ವಿನ್ಸ್ ಪಿಗಿನ್ಸ್ ಮತ್ತು ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಡೀಲರ್ ಫ್ರೆಡ್ ಗಿಬ್ ಈ ಹಿಂಬಾಗಿಲನ್ನು ರೇಸ್ ಕಾರಿಗೆ ಬಳಸಿಕೊಂಡರು. ಆರ್ಡರ್ ಸಂಖ್ಯೆ 9560. ಗಿಬ್ ಒಬ್ಬನೇ ಐವತ್ತು ಕಾರು ಕೇಳಿದ. ಆಮೇಲೆ ಬಿಲ್ ಬಂತು ನೋಡಿ: ಎಂಜಿನ್ ಒಂದಕ್ಕೇ 4,160 ಡಾಲರ್! ಕಾರಿನ ಮೂಲ ಬೆಲೆಗಿಂತ ಎಂಜಿನ್ ದುಬಾರಿ. ಕೊಳ್ಳುವವರಿಲ್ಲದೆ ಹೆಚ್ಚಿನ ಕಾರುಗಳನ್ನು ಅವನು ಕಂಪನಿಗೇ ಹಿಂದಿರುಗಿಸಿದ. ಅಂದು ಯಾರಿಗೂ ಬೇಡವಾಗಿದ್ದೇ ಇಂದು ಅದರ ಬೆಲೆಗೆ ಒಂದು ಕಾರಣ.

ಹಿಂಬಾಗಿಲಿನಿಂದ ಬಂದ ಕಾರಿನ ತೊಂದರೆಯೆಂದರೆ, ಅದರ ಮೈಮೇಲೆ ಆ ವಿಷಯ ಬರೆದಿರುವುದಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ, ಗಾಜಿನ ಮೂಲಕ ಕಾಣುವಂತೆ, ಗುರುತಿನ ಸಂಖ್ಯೆಯ ತಗಡಿದೆ. ಅದು 124379ಎನ್ ಎಂದು ಶುರುವಾಗುತ್ತದೆ. 1 ಅಂದರೆ ಷೆವರ್ಲೆ. 24 ಅಂದರೆ ಎಂಟು ಸಿಲಿಂಡರಿನ ಕ್ಯಾಮರೊ. 37 ಎರಡು ಬಾಗಿಲಿನ ಕೂಪೆ, 9 ಅಂದರೆ 1969, ಎನ್ ಅಂದರೆ ಓಹಾಯೋದ ನಾರ್ವುಡ್ ಕಾರ್ಖಾನೆ. ಮುಂದಿನದು ಸರತಿ ಸಂಖ್ಯೆ. ಎಂಟು ಸಿಲಿಂಡರ್ ಎಂದಷ್ಟೇ ಹೇಳಿ ತಗಡು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಎಂಟು ಅತ್ಯಂತ ಬಡ ಎಂಜಿನಿನವೂ ಇರಬಹುದು, ಝಡ್‌ಎಲ್-1ರವೂ ಇರಬಹುದು. ಅದೇ ಕಾಲದ ಪ್ಲಿಮತ್ ಆಗಿದ್ದರೆ ಐದನೆಯ ಅಕ್ಷರವೇ ಎಂಜಿನನ್ನು ಹೇಳಿಬಿಡುತ್ತಿತ್ತು. 1970ರ ಬ್ಯಾರಕೂಡಾದಲ್ಲಿ ಅಲ್ಲಿ ‘ಆರ್’ ಇದ್ದರೆ ಅದು 426 ಹೆಮಿ ಎಂಬ ಬಲಿಷ್ಠ ಎಂಜಿನ್. ಫೋರ್ಡ್ ಕೂಡ ಹಾಗೆಯೇ. ಇನ್ನೊಂದು ಮಾತು: ಇಂದಿನ ಹದಿನೇಳು ಅಕ್ಷರಗಳ ಸಂಖ್ಯೆಯಲ್ಲಿ ಒಂಬತ್ತನೆಯದು ತಪಾಸಣೆಯ ಅಂಕಿ. ಉಳಿದ ಹದಿನಾರನ್ನು ಗುಣಿಸಿ, ಕೂಡಿ, ಹನ್ನೊಂದರಿಂದ ಭಾಗಿಸಿದಾಗ ಬರುವ ಶೇಷ. ಯಾರೋ ಮನಸ್ಸಿಗೆ ಬಂದಂತೆ ಸಂಖ್ಯೆ ಹುಟ್ಟಿಸಿದರೆ ಆ ಅಂಕಿಯೇ ಬಹುತೇಕ ಸಲ ಸಿಕ್ಕಿಸಿಹಾಕುತ್ತದೆ. ಆ ಏರ್ಪಾಡು ಬಂದದ್ದು 1981ರ ಮಾದರಿಗಳಿಂದ. ಮಸಲ್ ಕಾರುಗಳ, ಅಂದರೆ ಇಂಥ ದೊಡ್ಡ ಎಂಜಿನಿನ ವೇಗದ ಕಾರುಗಳ ಕಾಲ ಆ ಹೊತ್ತಿಗೆ ಮುಗಿದಿತ್ತು.

ಸರಿ, ಕಂಪನಿಯ ಕಡತ ನೋಡೋಣವೆಂದರೆ ಅಲ್ಲಿಯೂ ಅದೃಷ್ಟದ ಆಟ. ಫೋರ್ಡ್‌ನ 1967ರಿಂದೀಚಿನ ಉತ್ಪಾದನಾ ದತ್ತಾಂಶ ಕೆವಿನ್ ಮಾರ್ಟಿ ಎಂಬ ತಜ್ಞರ ಬಳಿ ಇದೆ. ಸಂಖ್ಯೆ ಕೊಟ್ಟರೆ ಕಾರು ಯಾವ ಬಣ್ಣದಲ್ಲಿ, ಯಾವ ಎಂಜಿನಿನೊಂದಿಗೆ, ಯಾವ ಡೀಲರ್‌ಗೆ ಹೋಯಿತೆಂಬ ವರದಿ ಬರುತ್ತದೆ. ಪಾಂಟಿಯಾಕ್‌ನ ಹಳೇ ಇನ್‌ವಾಯ್ಸುಗಳೂ ಉಳಿದಿವೆ. ಅಮೆರಿಕದಲ್ಲಿ ಮಾರಾಟವಾದ ಷೆವರ್ಲೆಗಳ ಅಂಥ ಕಡತ ಬಹುಮಟ್ಟಿಗೆ ಉಳಿದಿಲ್ಲ. ಆದರೆ ಕೆನಡಾದಲ್ಲಿ ಮಾರಿದವುಗಳ ದಾಖಲೆಯನ್ನು ಅಲ್ಲಿನ ಜನರಲ್ ಮೋಟರ್ಸ್ ಜೋಪಾನವಾಗಿ ಇಟ್ಟುಕೊಂಡಿದೆ! ಗಡಿ ದಾಟಿದ ಮಗಳಿಗೆ ತಾಯಿಪತ್ರ ಉಂಟು, ತವರಲ್ಲೇ ಉಳಿದವಳಿಗೆ ಇಲ್ಲ.

ಕಡತವಿಲ್ಲದ ಕಡೆ ಕಬ್ಬಿಣವನ್ನೇ ಓದಬೇಕು. ನಮ್ಮಲ್ಲಿ ಶಾಸನ ಓದುವವರಿಗೆ ಈ ಕೆಲಸ ಹೊಸದಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳು, ಅಂದರೆ ಖೊಟ್ಟಿ ಶಾಸನಗಳು ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದಾಗ ಅವರು ನೋಡಿದ್ದು ಒಕ್ಕಣೆಯನ್ನಷ್ಟೇ ಅಲ್ಲ. ಹೇಳಿದ ಶಕವರ್ಷಕ್ಕೆ ತಿಥಿ, ವಾರ ಕೂಡುತ್ತವೆಯೇ? ಅಕ್ಷರದ ಮೋಡಿ ಆ ಶತಮಾನದ್ದೇ? ಖೊಟ್ಟಿ ಮಾಡುವವನು ಮಾತನ್ನು ನಕಲು ಮಾಡಬಲ್ಲ, ತನ್ನ ಕಾಲದ ಕೈಬರಹವನ್ನು ಮರೆಮಾಚುವುದು ಕಷ್ಟ. ಕಾರಿನ ವಿಷಯದಲ್ಲೂ ಇವೇ ಎರಡು ಪ್ರಶ್ನೆಗಳು.

ಮೊದಲು ತಿಥಿ. ಎಂಜಿನಿನ ಬ್ಲಾಕನ್ನು ಎರಕ ಹೊಯ್ಯುವಾಗಲೇ ಅಚ್ಚಿನಲ್ಲಿ ದಿನಾಂಕ ಮೂಡಿರುತ್ತದೆ. ಜನವರಿಗೆ ‘ಎ’, ಫೆಬ್ರವರಿಗೆ ‘ಬಿ’, ಆಮೇಲೆ ತಾರೀಖು, ಕೊನೆಗೆ ವರ್ಷದ ಕಡೆಯ ಅಂಕಿ. ‘ಬಿ 5 9’ ಎಂದರೆ 1969ರ ಫೆಬ್ರವರಿ 5. ಅದನ್ನು ಯಂತ್ರದಲ್ಲಿ ಕೊರೆದು, ಜೋಡಿಸಿ, ಎಂಜಿನ್ ಸಿದ್ಧವಾದ ದಿನ ಇನ್ನೊಂದು ಮುದ್ರೆ ಬೀಳುತ್ತದೆ. ‘ಟಿ0215’ ಅಂದರೆ ನ್ಯೂಯಾರ್ಕ್ ರಾಜ್ಯದ ಟೋನವಾಂಡಾ ಕಾರ್ಖಾನೆ, ಫೆಬ್ರವರಿ 15. ಅದು ರೈಲೋ ಲಾರಿಯೋ ಹತ್ತಿ ನಾರ್ವುಡ್‌ಗೆ ಬಂದು ಕಾರಿನೊಳಗೆ ಕೂರಬೇಕು. ಕಾರಿನ ಒಡಲಿಗೂ ಅದು ತಯಾರಾದ ತಿಂಗಳು ಮತ್ತು ವಾರ ಹೇಳುವ ತಗಡಿದೆ. ಕಿಟಕಿಯ ಗಾಜು, ಕಾರ್ಬುರೇಟರ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಎಲ್ಲಕ್ಕೂ ಅದರದರ ದಿನಾಂಕ. ಇವೆಲ್ಲ ಮದುವೆಯ ಸಾಲಿನಂತೆ ಹಿಂದೆ ಮುಂದೆ ಸರಿಯಾಗಿ ನಿಲ್ಲಬೇಕು. ಕಾರು ಫೆಬ್ರವರಿಯಲ್ಲಿ ಹೊರಬಂದು ಅದರ ಬ್ಲಾಕು ಏಪ್ರಿಲಿನಲ್ಲಿ ಎರಕವಾಗಿದ್ದರೆ, ಮಗ ಅಪ್ಪನಿಗಿಂತ ಮೊದಲು ಹುಟ್ಟಿದಂತಾಯಿತು. ಅಪರೂಪಕ್ಕೆ ಇದರಲ್ಲೂ ಗುಂಡಿ ಇದೆ. ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ 9 ಅನ್ನುವುದು 1979 ಕೂಡ ಆಗಬಹುದು. ಆಗ ಬ್ಲಾಕಿನ ಮಾದರಿ ಹೇಳುವ ಎರಕದ ಸಂಖ್ಯೆ ನೋಡಿ ಬಿಡಿಸಿಕೊಳ್ಳಬೇಕು.

ಇನ್ನು ಕೈಬರಹ. ಕಬ್ಬಿಣದ ಷೆವರ್ಲೆ ಎಂಜಿನಿನ ಮೇಲ್ಮೈಯನ್ನು ಬ್ರೋಚ್ ಎಂಬ ಹಲ್ಲುಸಾಲಿನ ಉಪಕರಣ ಒಂದೇ ಎಳೆತಕ್ಕೆ ಹೆರೆದು ಮಟ್ಟ ಮಾಡುತ್ತಿತ್ತು. ಅದು ಬಾಚಣಿಗೆ ಎಳೆದಂತೆ ಹಿಂದಿನಿಂದ ಮುಂದಕ್ಕೆ ಸಣ್ಣ ಸಮಾಂತರ ಗೆರೆಗಳನ್ನು ಬಿಡುತ್ತದೆ. ಮುದ್ರೆ ಒತ್ತಿದ್ದು ಆ ಗೆರೆಗಳ ಮೇಲೆ. ಮೋಸಗಾರ ಹಳೇ ಅಂಕಿಗಳನ್ನು ಸವೆಸಿದರೆ ಗೆರೆಗಳೂ ಹೋಗುತ್ತವೆ. ಆಗ ಸ್ಯಾಂಡ್‌ಪೇಪರಿನಲ್ಲಿ ಗೆರೆ ಬರೆಯುತ್ತಾನೆ. ಭೂತಗನ್ನಡಿಯಲ್ಲಿ ಅವು ವಕ್ರ, ಒಂದೊಂದರ ಆಳ ಒಂದೊಂದು. ಇನ್ನೊಂದು ಸೊಗಸಾದ ಸುಳಿವಿದೆ. ಎಂಜಿನ್ ಕೋಡನ್ನು ಒತ್ತಿದ್ದು ಟೋನವಾಂಡಾದಲ್ಲಿ, ಅದೇ ಎಂಜಿನಿನ ಮೇಲೆ ಕಾರಿನ ಸರತಿ ಸಂಖ್ಯೆಯನ್ನು ಒತ್ತಿದ್ದು ನಾರ್ವುಡ್‌ನಲ್ಲಿ. ಎರಡು ಊರು, ಎರಡು ಕೈ, ಎರಡು ಜೊತೆ ಅಚ್ಚು. ಎರಡೂ ಒಂದೇ ಕೈಯಿಂದ ಬಂದಂತೆ ಅಂದವಾಗಿ ಕಂಡರೆ ಅನುಮಾನ ಪಡಬೇಕು. ಅಸಲಿ ಮುದ್ರೆ ಸಾಮಾನ್ಯವಾಗಿ ಸೊಟ್ಟಗಿರುತ್ತದೆ. ಗಂಟೆಗೆ ಹತ್ತಾರು ಎಂಜಿನ್ ಹಾದುಹೋಗುವಾಗ ಯಾರಿಗೆ ಅಲಂಕಾರದ ಪುರಸೊತ್ತು?

ಅಂಕಿಯನ್ನು ಪೂರ್ತಿ ಸವೆಸಿಬಿಟ್ಟರೂ ಲೋಹ ಅದನ್ನು ಮರೆಯುವುದಿಲ್ಲ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಅಚ್ಚರಿ ಹುಟ್ಟಿಸುವುದು ಇದೇ. ಉಕ್ಕು ಅಸಂಖ್ಯ ಹರಳುಗಳ ರಾಶಿ. ಒಂದೊಂದರೊಳಗೂ ಪರಮಾಣುಗಳು ಸಾಲಾಗಿ ಕೂತಿವೆ. ಅಚ್ಚಿನ ಏಟು ಬಿದ್ದಾಗ ಲೋಹ ತಗ್ಗುವುದಷ್ಟೇ ಅಲ್ಲ, ತಗ್ಗಿನ ಕೆಳಗಿನ ಸಾಲುಗಳೂ ಜಾರಿ, ಸಿಕ್ಕುಬಿದ್ದು, ಬಿಗಿಯುತ್ತವೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದಾಗ ಬಗ್ಗಿದ ಜಾಗ ಗಡುಸಾಗುತ್ತದಲ್ಲ, ಅದೇ ಕ್ರಿಯೆ. ಅರ ಹಾಕಿ ತಗ್ಗನ್ನು ಅಳಿಸಬಹುದು, ಕೆಳಗಿನ ಸಿಕ್ಕು ಉಳಿಯುತ್ತದೆ. ಸಿಕ್ಕುಬಿದ್ದ ಜಾಗದಲ್ಲಿ ಹೆಚ್ಚುವರಿ ಶಕ್ತಿ ಅಡಗಿರುವುದರಿಂದ ಆಮ್ಲ ಅದನ್ನು ಸುತ್ತಲಿನ ಲೋಹಕ್ಕಿಂತ ಬೇಗ ತಿನ್ನುತ್ತದೆ. ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಿ, ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಸವರಿದರೆ, ಅಳಿಸಿದ ಅಂಕಿ ನೀರಿನಡಿಯಿಂದ ತೇಲಿಬಂದಂತೆ ನಿಧಾನವಾಗಿ ಮೂಡುತ್ತದೆ. ಕೆಲವೊಮ್ಮೆ ಕ್ಷಣಮಾತ್ರ ಕಂಡು ಮಾಯವಾಗುತ್ತದೆ, ಅದಕ್ಕೇ ಕ್ಯಾಮೆರಾ ಹಿಡಿದು ಕಾಯಬೇಕು. ಬಂದೂಕುಗಳ ಅಳಿಸಿದ ಸಂಖ್ಯೆ ಓದಲು ಪೊಲೀಸರ ಪ್ರಯೋಗಾಲಯಗಳು ಬಳಸುವ ವಿಧಾನವೂ ಇದೇ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ಆಮ್ಲದ ಹಂಗೂ ಇಲ್ಲದೆ, ಎಲೆಕ್ಟ್ರಾನುಗಳು ಹರಳುಗಳಿಂದ ಚದುರುವ ಬಗೆಯನ್ನು ನೋಡಿಯೇ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅಳಿಸಿದ ಅಕ್ಷರಗಳನ್ನು ಓದಿ ತೋರಿಸಿದ್ದಾರೆ.

ಆದರೆ ಇದಕ್ಕೂ ಮಿತಿಯಿದೆ. ಎರಕದ ಕಬ್ಬಿಣ ಪೆಡಸು, ಉಕ್ಕಿನಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಕೆಂಪಗೆ ಕಾಯಿಸಿದರೆ ಹರಳುಗಳು ಹೊಸದಾಗಿ ಬೆಳೆದು ಸಿಕ್ಕು ಬಿಡುತ್ತದೆ, ನೆನಪು ಹೋಗುತ್ತದೆ. ತುಂಬ ಆಳಕ್ಕೆ ಕೊರೆದರೂ ಅಷ್ಟೇ.

ಬಣ್ಣದ ಕಥೆ ಸರಳ. ಆಗಿನ ಜನರಲ್ ಮೋಟರ್ಸ್ ಬಳಸಿದ್ದು ಅಕ್ರಿಲಿಕ್ ಲ್ಯಾಕರ್, ಅದು ಒಣಗಿದ ಮೇಲೂ ಥಿನ್ನರಿಗೆ ಕರಗುತ್ತದೆ. ಈಚಿನ ಎರಡು ಭಾಗದ ಯುರೆಥೇನ್ ಕರಗುವುದಿಲ್ಲ. ಬಾಗಿಲ ಸಂದಿಯಿಂದ ಒಂದು ಚೂರು ಕಿತ್ತು ಅಡ್ಡಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ, ಹಳೇ ಮನೆಯ ಗೋಡೆಯ ಸುಣ್ಣದ ಪದರಗಳಂತೆ ಪ್ರತಿ ದಶಕದ ಬಣ್ಣವೂ ಕಾಣುತ್ತದೆ.

ಕಾಗದದ್ದು ಹಾಗಲ್ಲ. ಕಾರ್ಖಾನೆಯ ಕೆಲಸಗಾರರಿಗೆ ಯಾವ ಭಾಗ ಜೋಡಿಸಬೇಕೆಂದು ತಿಳಿಸುವ ಬಿಲ್ಡ್ ಶೀಟ್‌ಗಳು ಕೆಲಸ ಮುಗಿದ ಮೇಲೆ ಸೀಟಿನ ಸ್ಪ್ರಿಂಗುಗಳಲ್ಲೋ ಪೆಟ್ರೋಲ್ ಟ್ಯಾಂಕಿನ ಮೇಲೋ ಉಳಿದುಬಿಡುತ್ತಿದ್ದವು. ಇಲಿ ತಿನ್ನದೆ ಬಿಟ್ಟ ಒಂದು ಹಾಳೆಗಾಗಿ ಜನ ಇಡೀ ಕಾರನ್ನು ಬಿಚ್ಚುತ್ತಾರೆ. ಆಗಿನ ಮುದ್ರಣ ಯಂತ್ರ ಅಕ್ಷರವನ್ನು ಬಡಿದು ಒತ್ತುತ್ತಿತ್ತು. ಟಾರ್ಚನ್ನು ಓರೆಯಾಗಿ ಹಿಡಿದರೆ ಆ ಕುಳಿ ಕಾಣಬೇಕು. ಲೇಸರ್ ಪ್ರಿಂಟರಿನ ಪುಡಿ ಕಾಗದದ ಮೇಲೆ ಕೂತಿರುತ್ತದೆ, ಕುಳಿ ಇರುವುದಿಲ್ಲ. ಷೆವರ್ಲೆ ಕೊಳ್ಳುವವರಿಗೆ ವಾರಂಟಿ ಪುಸ್ತಕದೊಂದಿಗೆ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಲೋಹದ ಪಟ್ಟಿಯನ್ನೂ ಕೊಡುತ್ತಿದ್ದರು, ಎಂಜಿನ್, ಆ್ಯಕ್ಸಲ್‌ಗಳ ಕೋಡು ಉಬ್ಬಿ ನಿಂತದ್ದು. ನಿಜಕ್ಕೂ ತಾಮ್ರಶಾಸನವೇ. ಖೊಟ್ಟಿಗಳೂ ಅಷ್ಟೇ ಧಾರಾಳ.

ಇಷ್ಟೆಲ್ಲ ಪರೀಕ್ಷೆ ಏಕೆ, ಒಂದು ಒಳ್ಳೆಯದು ಸಾಲದೇ? ಸಾಲದು ಎಂಬುದಕ್ಕೆ ಕೂಡು ಕಳೆಯುವ ಲೆಕ್ಕ ಸಾಕು. ನೂರು ಕಾರುಗಳು ‘ನಾನೇ ಅಸಲಿ’ ಎನ್ನುತ್ತಿವೆ, ನಿಜಕ್ಕೂ ಅಸಲಿ ಹತ್ತೇ ಎಂದು ಊಹಿಸಿಕೊಳ್ಳಿ. ನಮ್ಮ ಪರೀಕ್ಷೆ ನಕಲಿಗಳಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿಯುತ್ತದೆ, ಅಸಲಿಯನ್ನು ಎಂದೂ ತಪ್ಪು ತಿಳಿಯುವುದಿಲ್ಲ. ಪಾಸಾದವರು ಯಾರು? ಹತ್ತು ಅಸಲಿ, ಒಂಬತ್ತು ನಕಲಿ. ತೊಂಬತ್ತು ಭಾಗ ನಿಖರವಾದ ಪರೀಕ್ಷೆ ದಾಟಿದ ಕಾರೂ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಅಷ್ಟೇ ಒಳ್ಳೆಯ ಇನ್ನೊಂದು ಪರೀಕ್ಷೆ ಮಾಡಿದರೆ ಒಂಬತ್ತು ನಕಲಿ ಒಂದಕ್ಕೆ ಇಳಿಯುತ್ತದೆ. ಆದರೆ ಷರತ್ತೊಂದಿದೆ. ಎರಡನೆಯ ಸಾಕ್ಷಿ ಮೊದಲನೆಯದರ ನೆಂಟನಾಗಿರಬಾರದು. ಎಂಜಿನ್ ಮುದ್ರೆ, ಲೋಹದ ಪಟ್ಟಿ, ಬಿಲ್ಡ್ ಶೀಟ್ ಮೂರೂ ಒಬ್ಬನ ಗ್ಯಾರೇಜಿನಲ್ಲೇ ತಯಾರಾಗಿದ್ದರೆ ಅವು ಮೂರು ಸಾಕ್ಷಿಗಳಲ್ಲ, ಒಬ್ಬನೇ ಮೂರು ಸಲ ಹೇಳಿದ ಸುಳ್ಳು. ಹಾಗಾಗಿ ಅನುಭವಿಗಳು ಕಾರಿನ ಹೊರಗಿನದನ್ನು ಹುಡುಕುತ್ತಾರೆ. ಡೀಲರನ ಬಿಲ್ಲು, 1970ರ ರೇಸಿನ ಫೋಟೋ, ಮೊದಲ ಮಾಲೀಕನ ವಿಮಾ ರಸೀದಿ.

ಹೊಂದಿಕೆಯಾಗದ್ದೆಲ್ಲ ಸುಳ್ಳೆಂದೂ ಅಲ್ಲ. ಝಡ್‌ಎಲ್-1 ಕ್ಯಾಮರೊ ಹುಟ್ಟಿದ್ದೇ ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯ ಚುಟುಕು ಓಟಕ್ಕೆ, ಎಂಜಿನ್ ಒಡೆಯುವುದು ಅಲ್ಲಿ ದಿನಚರಿ. ಬದಲಿಸಿದ ಎಂಜಿನಿನ ಕಥೆಯನ್ನು ಬಾಯಿಬಿಟ್ಟು ಹೇಳುವ ಕಾರನ್ನು ನಾನು ಹೆಚ್ಚು ನಂಬುತ್ತೇನೆ. ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬಂದರೆ ಟಾರ್ಚು ಹುಡುಕುವ ಬುದ್ಧಿ ಬರುತ್ತದೆ.

ಬೆಲೆಗೂ ಸಾಕ್ಷ್ಯಕ್ಕೂ ಇರುವ ನಂಟು ಎದ್ದು ಕಂಡದ್ದು ಎರಡು ಫೋರ್ಡ್ ಮಸ್ಟ್ಯಾಂಗ್‌ಗಳಲ್ಲಿ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬಗಳ ಮೇಲೆ ಹಾರಿಸಿದ ಹಸಿರು ಕಾರುಗಳು. ಸಂಖ್ಯೆಗಳು ಅಕ್ಕಪಕ್ಕದವು, ಕೊನೆಗೆ 125558 ಮತ್ತು 125559. ಸಾಹಸ ದೃಶ್ಯಗಳಲ್ಲಿ ನುಜ್ಜಾದ ಮೊದಲನೆಯದು 2017ರಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಅದನ್ನು ಕೊಂಡವರು ಇನ್ನೊಂದು ಚಿತ್ರದ ಕಾರಿನ ನಕಲಾಗಿ ಮಾರ್ಪಡಿಸಲು ಹೊರಟಿದ್ದರಂತೆ! ಸಂಖ್ಯೆ ಪರಿಶೀಲಿಸಿ, ಚಿತ್ರೀಕರಣಕ್ಕಾಗಿ ಬಲಪಡಿಸಿದ ಸಸ್ಪೆನ್ಷನ್ ಜಾಗಗಳನ್ನು ನೋಡಿ ಅಸಲಿಯೆಂದು ದೃಢಪಡಿಸಿದವರು ಅದೇ ಕೆವಿನ್ ಮಾರ್ಟಿ.

ಇನ್ನೊಂದು, 559, 1974ರಿಂದ ಒಂದೇ ಕುಟುಂಬದಲ್ಲಿತ್ತು. ಒಡತಿ ಅದರಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದಳು. 1977ರಲ್ಲಿ ಮೆಕ್ವೀನ್ ಅದನ್ನು ಮರಳಿ ಕೇಳಿ ಪತ್ರ ಬರೆದ, ಅವರು ಕೊಡಲಿಲ್ಲ. ಪತ್ರವನ್ನು ಮಾತ್ರ ಎತ್ತಿಟ್ಟುಕೊಂಡರು. ನಲವತ್ತು ವರ್ಷ ಯಾರೂ ಅದಕ್ಕೆ ಹೊಸ ಬಣ್ಣ ಬಳಿಯಲಿಲ್ಲ, ತುಕ್ಕು ಉಜ್ಜಲಿಲ್ಲ. 2020ರ ಜನವರಿ 10ರಂದು ಫ್ಲೋರಿಡಾದ ಕಿಸ್ಸಿಮೀಯ ಹರಾಜಿಗೆ ಬಂದಾಗ ಬಾಗಿಲಿನ ತಗ್ಗು, ಸುಲಿದ ಹಸಿರು, ಬಂಪರಿನ ತುಕ್ಕು ಎಲ್ಲ ಹಾಗೇ ಇದ್ದವು. ಶುಲ್ಕ ಸೇರಿ 37.4 ಲಕ್ಷ ಡಾಲರಿಗೆ ಹೋಯಿತು.