ಗ್ಯಾಸ್ ಖಾಲಿಯಾಗುವುದಿಲ್ಲ, ಸೋರುತ್ತದೆ

ತಂಪು ಲಾರಿಯ ಪೆಟ್ಟಿಗೆಯೊಳಗೆ ಚಳಿ ಸಾಲುತ್ತಿಲ್ಲ ಎಂದ ಕೂಡಲೇ ಕೇಳಿಬರುವ ಮಾತು ಒಂದೇ: ‘ಗ್ಯಾಸ್ ಮುಗಿದಿರಬೇಕು, ಸ್ವಲ್ಪ ಹಾಕ್ಸಿ.’ ಟ್ಯಾಂಕಿನ ಡೀಸೆಲ್ ಉರಿದು ಮುಗಿಯುತ್ತದೆ, ನಿಜ. ತಂಪು ಮಾಡುವ ಗ್ಯಾಸ್ ಹಾಗಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗಿನ ಕಾಯಿಲ್‌ನಲ್ಲಿ ಕುದಿದು ಶಾಖ ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಎಷ್ಟು ಸುತ್ತಿದರೂ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಸುಮ್ನೆ ಗ್ಯಾಸ್ ತುಂಬುವುದನ್ನು ರಿಪೇರಿ ಅನ್ನಲು ನನಗೆ ಮನಸ್ಸಿಲ್ಲ.

ಮನೆಯ ಫ್ರಿಜ್ ವರ್ಷಗಟ್ಟಲೆ ಗ್ಯಾಸ್ ಕೇಳುವುದಿಲ್ಲ, ಅಲ್ವಾ? ಅದರ ಕಂಪ್ರೆಸರ್ ಮೋಟರ್ ಸಮೇತ ಬೆಸುಗೆ ಹಾಕಿದ ಉಕ್ಕಿನ ಚಿಪ್ಪಿನೊಳಗಿದೆ. ಲಾರಿಯಲ್ಲಿ ಎಷ್ಟೋ ಸಲ ಕಂಪ್ರೆಸರನ್ನು ತಿರುಗಿಸುವುದು ಹೊರಗಿನ ಎಂಜಿನ್. ಹಾಗಾಗಿ ಶಾಫ್ಟ್ ಹೊರಗೆ ಬರಲೇಬೇಕು, ಬರುವ ಜಾಗದಲ್ಲಿ ಒಂದು ಸೀಲ್ ಇರಲೇಬೇಕು. ಅಲ್ಲಿ ಗ್ಯಾಸನ್ನು ತಡೆಯುವುದು ಎಣ್ಣೆಯ ತೆಳು ಪದರ. ಯಂತ್ರ ತುಂಬ ದಿನ ನಿಂತರೆ ಆ ಪದರ ಇಳಿದು ಸೀಲ್ ಒಣಗುತ್ತದೆ. ಇದರ ಮೇಲೆ ರಸ್ತೆಯ ಕುಲುಕಾಟ ಬೇರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಲಾರಿಗೆ ಕೂರಿಸುವ ತಂಪು ಯಂತ್ರ ಕಟ್ಟಿದಾಗ, ಕುಲುಕಾಟ ತಾಳುವಂತೆ ಅದನ್ನು ಮಾಡುವುದೇ ದೊಡ್ಡ ಕೆಲಸವಾಗಿತ್ತು.

ಗ್ಯಾಸ್ ತನ್ನ ಜೊತೆ ಒಂದಿಷ್ಟು ಎಣ್ಣೆಯನ್ನೂ ಒಯ್ಯುತ್ತದೆ. ಆದ್ದರಿಂದ ಸೋರಿದ ಜಾಗದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿರುತ್ತದೆ. ಅನುಭವಸ್ಥ ಮೆಕ್ಯಾನಿಕ್ ಸೋರಿಕೆ ಪತ್ತೆ ಮಾಡುವ ಡಿಟೆಕ್ಟರ್ ತೆಗೆಯುವ ಮೊದಲು ಟಾರ್ಚ್ ಹಿಡಿದು ಇದನ್ನೇ ನೋಡುತ್ತಾನೆ. ಆಮೇಲೆ ಸೋಪಿನ ನೊರೆ. ಪೈಪುಗಳು ಪೂರ್ತಿ ಬರಿದಾಗಿದ್ದರೆ ರೆಗ್ಯುಲೇಟರ್ ಹಾಕಿ ಒಣ ನೈಟ್ರೋಜನ್ ತುಂಬಿ ಪರೀಕ್ಷೆ. ನೈಟ್ರೋಜನ್ ಸಿಗಲಿಲ್ಲ ಎಂದು ಆಕ್ಸಿಜನ್ ಸಿಲಿಂಡರ್‌ಗೆ ಮಾತ್ರ ಕೈ ಹಾಕಬಾರದು. ಎಣ್ಣೆಯ ಜೊತೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗುತ್ತದೆ.

ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡುವಂತಿಲ್ಲ. ಈ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಆರ್-404ಎ ಒಂದು ಕಿಲೋ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 3,900 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಮಾಡಿದ ಕಿಗಾಲಿ ತಿದ್ದುಪಡಿ ಇಂಥ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ಇಳಿಸಲೆಂದೇ ಬಂತು. ರಿಕವರಿ ಯಂತ್ರದಿಂದ ಗ್ಯಾಸನ್ನು ಸಿಲಿಂಡರ್‌ಗೆ ಎಳೆದುಕೊಳ್ಳಬೇಕು. ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಬದಲಿಸುವಂಥ ಸಣ್ಣ ಕೆಲಸಕ್ಕೆ ಅದೂ ಬೇಡ. ಕಂಡೆನ್ಸರ್‌ನಿಂದ ಬಂದ ದ್ರವ ನಿಲ್ಲುವ ತೊಟ್ಟಿಯೇ ರಿಸೀವರ್. ಅದರಿಂದ ಹೊರಹೋಗುವ ದಾರಿಯ ವಾಲ್ವ್ ಮುಚ್ಚಿ ಯಂತ್ರ ಓಡಿಸಿದರೆ, ಗ್ಯಾಸೆಲ್ಲ ರಿಸೀವರ್ ಮತ್ತು ಕಂಡೆನ್ಸರ್‌ನಲ್ಲಿ ಬಂದು ಕೂರುತ್ತದೆ. ಕಡಿಮೆ ಒತ್ತಡದ ಕಡೆ ಚೂರು ಒತ್ತಡ ಉಳಿದಿರುವಾಗಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಬಿಚ್ಚಿದ ತಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ.

ಆ ಗಾಳಿಯ ಜೊತೆ ಬರುವ ತೇವವೇ ನಿಜವಾದ ಶತ್ರು. ದ್ರವವನ್ನು ಪೆಟ್ಟಿಗೆಯ ಕಾಯಿಲ್‌ಗೆ ಬಿಡುವ ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತು ದಾಟುವಾಗ ಗ್ಯಾಸಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಲ್ಲಿಗೆ ನೀರಿನ ಹನಿಯೊಂದು ಬಂದರೆ ಮಂಜಾಗಿ ತೂತು ಮುಚ್ಚುತ್ತದೆ. ತಂಪು ನಿಲ್ಲುತ್ತದೆ, ವಾಲ್ವ್ ಬೆಚ್ಚಗಾಗುತ್ತದೆ, ಮಂಜು ಕರಗುತ್ತದೆ, ಮತ್ತೆ ತಂಪು ಶುರು. ಡ್ರೈವರ್ ಹೇಳುವುದು ‘ಒಂದ್ಸಲ ಸರಿ ಇರುತ್ತೆ, ಒಂದ್ಸಲ ಇಲ್ಲ’ ಎಂದು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ವಾಲ್ವ್ ಮೇಲಿಟ್ಟಾಗ ಸುಯ್ ಎಂದು ಗ್ಯಾಸ್ ಹರಿಯತೊಡಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಈ ಯಂತ್ರಗಳ ಎಸ್ಟರ್ ಎಣ್ಣೆಗೆ ನೀರು ಹೀರುವ ಚಟ ಜಾಸ್ತಿ. ನೀರು ಸೇರಿದರೆ ಅದು ಒಡೆದು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ನೀರನ್ನು ಹೊರಹಾಕಲು ವ್ಯಾಕ್ಯೂಮ್ ಪಂಪ್ ಬೇಕು. ಪಂಪ್ ನೀರನ್ನು ಹೀರುವುದಿಲ್ಲ, ಕುದಿಸುತ್ತದೆ! ಇಲ್ಲಿ ಒತ್ತಡವನ್ನು ಅಳೆಯುವುದು ಮೈಕ್ರಾನ್‌ನಲ್ಲಿ, ಅಂದರೆ ಪಾದರಸದ ಮಟ್ಟದ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ. ನಮ್ಮ ಸುತ್ತಲಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ಅದನ್ನು ಸುಮಾರು 24,000 ಮೈಕ್ರಾನ್‌ಗೆ ಇಳಿಸಿದರೆ 25 ಡಿಗ್ರಿಯಲ್ಲೇ ನೀರು ಕುದಿಯುತ್ತದೆ. ಕುದಿದು ಆವಿಯಾದದ್ದನ್ನು ಪಂಪ್ ಹೊರದಬ್ಬುತ್ತದೆ. ನೀರು ಜಾಸ್ತಿಯಿದ್ದು ಅವಸರ ಮಾಡಿದರೆ ಕುದಿಯುತ್ತಲೇ ತಣ್ಣಗಾಗಿ, ಸುಮಾರು 4,600 ಮೈಕ್ರಾನ್ ಹತ್ತಿರ ಹೆಪ್ಪುಗಟ್ಟಿ ಕೂರುತ್ತದೆ. ಆಗ ಒಣ ನೈಟ್ರೋಜನ್ ಬಿಟ್ಟು, ಬೆಚ್ಚಗಾಗಲು ಬಿಟ್ಟು, ಮತ್ತೆ ಎಳೆಯಬೇಕು. ಸಾಮಾನ್ಯವಾಗಿ ಗುರಿ 500 ಮೈಕ್ರಾನ್ ಅಥವಾ ಅದಕ್ಕಿಂತ ಕೆಳಗೆ. ಮಾಮೂಲಿ ಗೇಜಿನ ಮುಳ್ಳಿಗೆ 5,000ಕ್ಕೂ 500ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೆ ಮೈಕ್ರಾನ್ ಗೇಜೇ ಬೇಕು, ಅದೂ ಪಂಪಿನಿಂದ ದೂರದಲ್ಲಿ.

ಪಂಪನ್ನು ಬೇರ್ಪಡಿಸಿ ಗೇಜ್ ನೋಡುತ್ತಾ ಕೂತರೆ ಯಂತ್ರವೇ ಕಥೆ ಹೇಳುತ್ತದೆ. ಅಂಕಿ ನಿಲ್ಲದೆ ಏರುತ್ತಾ ಹೋದರೆ ಇನ್ನೂ ಸೋರಿಕೆಯಿದೆ. ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಉಳಿದಿದೆ. ಸರ್ವಿಸ್‌ನಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದೇ, ಏಕೆಂದರೆ ಇಲ್ಲಿ ಕೈಗೆ ಕೆಲಸವಿಲ್ಲ, ಕಾಯುವುದಷ್ಟೇ.

ತುಂಬುವುದು ತೂಕದ ಲೆಕ್ಕದಲ್ಲಿ. ಯಂತ್ರದ ತಗಡಿನ ಮೇಲೆ ಎಷ್ಟು ಕಿಲೋ ಎಂದು ಕೊಟ್ಟಿರುತ್ತಾರೆ. 404ಎ ಮೂರು ಗ್ಯಾಸುಗಳ ಮಿಶ್ರಣ. ಸಿಲಿಂಡರಿನ ಮೇಲ್ಭಾಗದ ಆವಿಯಲ್ಲಿ ಆ ಮೂರರ ಪಾಲು ದ್ರವದಲ್ಲಿ ಇದ್ದಂತೆಯೇ ಇರುವುದಿಲ್ಲ. ಅದಕ್ಕೇ ದ್ರವವಾಗಿಯೇ ತೆಗೆದು, ಯಂತ್ರ ನಿಂತಿರುವಾಗ ದ್ರವ ಹರಿಯುವ ಕಡೆಯಿಂದ ತುಂಬುತ್ತಾರೆ. ದ್ರವ ನೇರವಾಗಿ ಕಂಪ್ರೆಸರ್‌ಗೆ ಹೋದರೆ ಅದು ಅಮುಕಲು ಬರುವುದಿಲ್ಲ, ವಾಲ್ವ್ ಪಟ್ಟಿಗಳು ಮುರಿಯುತ್ತವೆ.

ಕೊನೆಗೆ ಯಂತ್ರವನ್ನು ತಂಪಿನಲ್ಲಿ ಮಾತ್ರವಲ್ಲ, ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಕರಗಿಸುವ ಡಿಫ್ರಾಸ್ಟ್‌ನಲ್ಲೂ ಓಡಿಸಿ ನೋಡಬೇಕು. ಬಹಳಷ್ಟು ಯಂತ್ರಗಳಲ್ಲಿ ಆಗ ಬಿಸಿ ಗ್ಯಾಸ್ ಬೇರೆ ದಾರಿಯಲ್ಲಿ, ಬೇರೆ ವಾಲ್ವ್‌ಗಳ ಮೂಲಕ ಹರಿಯುತ್ತದೆ. ತಂಪಿನಲ್ಲಿ ಕಾಣದ ದೋಷ ಅಲ್ಲಿ ಕಾಣಬಹುದು. ಗೇಜ್ ಬಿಚ್ಚಿದ ಮೇಲೆ ಸರ್ವಿಸ್ ವಾಲ್ವ್‌ಗಳ ಮುಚ್ಚಳ ಬಿಗಿ ಮಾಡಿ, ಅಲ್ಲೂ ಒಮ್ಮೆ ಸೋಪಿನ ನೊರೆ ಹಚ್ಚಬೇಕು. ಮುಂದಿನ ಸೋರಿಕೆ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ.